ಇನ್ನೊಂದೆಳೆ ಹಲ್ಲಣ್ಣ

ಹಲ್ಲಣ್ಣನ ಕಸುಬು ಹಲ್ಲಿನ ಸೆಟ್ಟು ಕಟ್ಟುವುದು. ಜನರ ಬಾಯೊಳಗೆ ಕೈ ಹಾಕುವ ಕೆಲಸವಲ್ಲ, ಅದಕ್ಕೆ ಡಾಕ್ಟರುಗಳಿದ್ದಾರೆ. ಅವರು ಹಲ್ಲು ಕಳಕೊಂಡವರ ಬಾಯಿಯ ಅಚ್ಚು ತೆಗೆದು ಹಳೇ ಪೇಪರಿನಲ್ಲಿ ಸುತ್ತಿ ಇವನ ಅಂಗಡಿಗೆ ಕಳಿಸುತ್ತಾರೆ. ಇವನು ಅದರೊಳಗೆ ಪ್ಲಾಸ್ಟರ್ ಸುರಿದು, ಮೇಣದಲ್ಲಿ ಒಸಡು ತಿದ್ದಿ, ಒಂದೊಂದೇ ಹಲ್ಲು ಕೂರಿಸಿ, ಮೋಟರಿಗೆ ಹಿಡಿದು ಹೊಳಪು ಕೊಟ್ಟು ವಾಪಸು ಕಳಿಸುತ್ತಾನೆ. ಅಂಗಡಿ ಎಂದರೆ ಒಂದು ಉದ್ದನೆಯ ಕೋಣೆ. ಗೋಡೆಯ ಹಲಗೆಗಳ ಮೇಲೆ ಯಾರ್‍ಯಾರದೋ ದವಡೆಗಳು ಸಾಲಾಗಿ ಕೂತಿರುತ್ತವೆ. ಮೊದಲ ಸಲ ಒಳಗೆ ಬಂದವರು ಬಾಗಿಲಲ್ಲೇ ಒಂದು ಕ್ಷಣ ನಿಲ್ಲುತ್ತಾರೆ. ಆಮೇಲೆ ಅಭ್ಯಾಸವಾಗುತ್ತದೆ.

ಹಲ್ಲಿನ ವಿಷಯದಲ್ಲಿ ಅವನಿಗೆ ಯಾವ ಗೊಂದಲವೂ ಇಲ್ಲ. ಮೇಲಿನದು ಮೇಲೆ, ಕೆಳಗಿನದು ಕೆಳಗೆ. ಗೊಂದಲ ಶುರುವಾಗುವುದು ಮನುಷ್ಯರು ಬಾಯಿ ತೆಗೆದು ಮಾತಾಡಿದಾಗ. ವಯಸ್ಸಿನಲ್ಲಿ ಅವನಿಗೊಂದು ಹೆಣ್ಣು ನೋಡಿದ್ದರು. ಹೆಣ್ಣಿನ ಕಡೆಯವರು ಎದ್ದು ಹೊರಡುವಾಗ "ತಿಳಿಸ್ತೀವಿ" ಅಂದರು. ಇವನು ಅವರು ತಿಳಿಸುತ್ತಾರೆ ಎಂದೇ ಕಾದ. ಆ ಹುಡುಗಿಗೆ ಮದುವೆಯಾಗಿ ಮಗುವಾದದ್ದು ಗೊತ್ತಾದಾಗಲೂ, "ಒಂದು ಮಾತು ತಿಳಿಸಬಹುದಿತ್ತಲ್ಲ" ಎಂದು ಅಕ್ಕನ ಹತ್ತಿರ ನಿಜವಾದ ಬೇಸರದಿಂದ ಹೇಳಿದ. ಗಂಡನನ್ನು ಕಳಕೊಂಡು ತಮ್ಮನ ಮನೆ ನೋಡಿಕೊಳ್ಳಲು ಬಂದಿದ್ದ ಅಕ್ಕ, ಇವನ ಮುಖವನ್ನೇ ನೋಡಿ, "ನಿನ್ನಂಥೋನನ್ನ ಹೆತ್ತು ಅಮ್ಮ ಪುಣ್ಯ ಕಟ್ಕೊಂಡ್ಳು" ಅಂದಳು. ಅದನ್ನೂ ಇವನು ಹೊಗಳಿಕೆ ಅಂದುಕೊಂಡ. ಆಮೇಲೆ ಮದುವೆಯ ಮಾತು ಯಾರೂ ಎತ್ತಲಿಲ್ಲ, ಇವನಿಗೆ ಎತ್ತುವುದು ಹೇಗೆಂದು ಗೊತ್ತಿರಲಿಲ್ಲ.

ಇಂಥವನು ಗೂಢ ಪದಬಂಧದ ಹುಚ್ಚು ಹತ್ತಿಸಿಕೊಂಡದ್ದು ಅಚ್ಚು ಸುತ್ತಿ ಬರುತ್ತಿದ್ದ ಹಳೇ ಪೇಪರಿನಿಂದ. ಒಂದು ದಿನ ಯಾರದೋ ಕೆಳದವಡೆ ಬಿಚ್ಚಿದಾಗ ಅದರ ಹೊದಿಕೆಯಲ್ಲಿ ಶನಿವಾರದ ಪುರವಣಿ ಇತ್ತು, ಅದರಲ್ಲಿ ಅರ್ಧ ತುಂಬಿದ ಚೌಕಗಳು. "ಕೊರಳಿನ ಒಡವೆ ತಿರುಗಿ ನಿಂತರೆ ಹಣ್ಣಿನಿಂದ ಸುರಿಯುತ್ತದೆ, ಎರಡು ಅಕ್ಷರ" ಎಂದಿತ್ತು. ಒಡವೆ ತಿರುಗುವುದೆಂದರೇನು, ಹಣ್ಣಿನಿಂದ ಒಡವೆ ಸುರಿಯುವುದೆಂದರೇನು? ಹಲ್ಲಣ್ಣ ಆ ದಿನವೆಲ್ಲ ಮೇಣ ಕರಗಿಸುತ್ತ ಅದನ್ನೇ ಯೋಚಿಸಿದ. ಸಂಜೆ ತಮ್ಮ ಸೆಟ್ಟು ಸಡಿಲವಾಯಿತೆಂದು ಬಂದ ನಿವೃತ್ತ ರೈಲ್ವೆ ಗಾರ್ಡು ಅದನ್ನು ನೋಡಿ ನಕ್ಕರು. "ಸರ ಅಂತ ಬರೀರಿ. ಈಗ ಹಿಂದಿನಿಂದ ಓದಿ" ಅಂದರು. ರಸ! ಹಲ್ಲಣ್ಣನಿಗೆ ಮೈ ಜುಮ್ಮೆಂದಿತು. ಹಾಗಾದರೆ ಲೋಕದಲ್ಲಿ ಜನ ಹೇಳುವುದು ಒಂದು, ಅದರೊಳಗೆ ಇರುವುದು ಇನ್ನೊಂದು. ಇಷ್ಟು ವರ್ಷ ತನಗೆ ಯಾರೂ ಇದನ್ನು ಹೇಳಿರಲಿಲ್ಲವಲ್ಲ ಅನ್ನಿಸಿತು. 'ತಿಳಿಸ್ತೀವಿ' ಎಂಬುದೂ ಆಗಲೇ ಅವನಿಗೆ ಅರ್ಥವಾದದ್ದು.

ಗಾರ್ಡು ಅವನನ್ನು ತಮ್ಮ ಕೂಟಕ್ಕೆ ಕರೆದುಕೊಂಡು ಹೋದರು. ಕೂಟ ಅಂದರೆ ದೊಡ್ಡದೇನಲ್ಲ. ಭಾನುವಾರ ಬೆಳಗ್ಗೆ, ಎಂದೋ ಮುಚ್ಚಿದ ಟೈಪಿಂಗ್ ಶಾಲೆಯ ಮಹಡಿ ಕೋಣೆಯಲ್ಲಿ, ಧೂಳು ಹೊದ್ದ ಟೈಪ್‌ರೈಟರುಗಳ ನಡುವೆ ಸೇರುತ್ತಿದ್ದವರು ಮೂರೇ ಜನ. ಶಾಲೆ ನಡೆಸಿದ್ದ ಟೈಪಿಂಗ್ ಮೇಷ್ಟ್ರು, ಈ ಗಾರ್ಡು, ಮತ್ತು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರಾಗಿದ್ದು ನಿವೃತ್ತರಾದ ಒಬ್ಬ ಮೇಡಂ. ಹಲ್ಲಣ್ಣ ನಾಲ್ಕನೆಯವನಾದ.

ಆ ಕೂಟಕ್ಕೆ ಎರಡು ಕಟ್ಟಳೆಗಳಿದ್ದವು. ಒಂದು, ಯಾರೂ ಯಾರಿಗೂ ಉತ್ತರ ಹೇಳಕೂಡದು. ತಿಳಿದವರು ಒಂದು 'ಎಳೆ' ಕೊಡಬೇಕು, ಅದೂ ಓರೆಯಾಗಿ, ಹೊರಗಿನವರಿಗೆ ಲೋಕಾಭಿರಾಮದ ಮಾತಿನ ಹಾಗೆ ಕೇಳಿಸಬೇಕು. ಎಳೆ ಹಿಡಿದವನು ಅದನ್ನು ಜಗ್ಗಿಕೊಂಡು ತಾನೇ ಉತ್ತರಕ್ಕೆ ಹೋಗಬೇಕು. ಎರಡನೆಯದು, ಎಳೆ ಸಿಕ್ಕವನು ಬಾಯಿ ಮುಚ್ಚಿಕೊಂಡಿರಬೇಕು. ಮೌನವಾಗಿದ್ದರೆ ಅರ್ಥವಾಯಿತು ಎಂದೇ ಲೆಕ್ಕ. ಅರ್ಥವಾಗದಿದ್ದರೆ ಮಾತ್ರ "ಇನ್ನೊಂದೆಳೆ" ಎಂದು ಕೇಳಬಹುದು. ಹಿಂದೊಮ್ಮೆ ಹೊಸಬನೊಬ್ಬ ಉತ್ತರವನ್ನು ಜೋರಾಗಿ ಕೂಗಿಬಿಟ್ಟಿದ್ದನಂತೆ. ಮೇಷ್ಟ್ರು ಮುಂದಿನ ವಾರದಿಂದ ಅವನ ಪಾಲಿನ ಚಹಾ ತರಿಸುವುದನ್ನೇ ನಿಲ್ಲಿಸಿದರು. ಅವನೂ ಬರುವುದನ್ನು ನಿಲ್ಲಿಸಿದ.

ಹಲ್ಲಣ್ಣನಿಗೆ ಒಂದೆಳೆ ಯಾವತ್ತೂ ಸಾಕಾಗುತ್ತಿರಲಿಲ್ಲ. ಇನ್ನೊಂದೆಳೆ, ಮತ್ತೊಂದೆಳೆ, ಮೇಡಂ ದಯವಿಟ್ಟು ಇದೇ ಕೊನೇದು, ಇನ್ನೊಂದೆಳೆ. ಹೀಗೆ ಕೇಳಿ ಕೇಳಿ ಅವನಿಗೆ ಕೂಟದಲ್ಲಿ 'ಇನ್ನೊಂದೆಳೆ' ಎಂದೇ ಹೆಸರು ಬಿತ್ತು. ಗಾರ್ಡು ಸಿಡುಕುತ್ತಿದ್ದರು, ಮೇಷ್ಟ್ರು ಮೂಗಿನಲ್ಲೇ ನಗುತ್ತಿದ್ದರು. ಮೇಡಂ ಮಾತ್ರ ಸಿಡುಕಲೂ ಇಲ್ಲ, ನಗಲೂ ಇಲ್ಲ. ಎಕ್ಸ್‌ಚೇಂಜಿನಲ್ಲಿ ಊರಿನವರೆಲ್ಲರ ಕಿರುಚಾಟ ಕೇಳಿದ ಕಿವಿ ಅದು. "ಹೇಳಿ" ಅನ್ನುವರು, ಕತ್ತು ಸ್ವಲ್ಪ ಓರೆ ಮಾಡಿ ಪೂರ್ತಿ ಕೇಳುವರು, ಆಮೇಲೆ ಒಂದೇ ಒಂದು ವಾಕ್ಯ ಕೊಡುವರು. ಅಷ್ಟು ಗಮನ ಕೊಟ್ಟು ಹಲ್ಲಣ್ಣನ ಮಾತನ್ನು ಆಯುಷ್ಯದಲ್ಲಿ ಯಾರೂ ಕೇಳಿರಲಿಲ್ಲ. ಅವನಿಗೆ ಮೇಡಂ ಮೇಲೆ ಮನಸ್ಸಿತ್ತು. ಇದನ್ನು ಸುತ್ತಿ ಬಳಸಿ ಹೇಳುವುದೇನಿದೆ? ಐವತ್ತು ದಾಟಿದವನಿಗೆ ಮನಸ್ಸಿರಬಾರದೆಂದು ಯಾವ ಕಾನೂನೂ ಇಲ್ಲ. ಆದರೆ ಅದನ್ನು ಹೇಳುವ ದಾರಿ ಗೊತ್ತಿಲ್ಲದೆ, ಭಾನುವಾರ ಭಾನುವಾರ ಅರ್ಥವಾದದ್ದನ್ನೂ ಅರ್ಥವಾಗಲಿಲ್ಲವೆಂದು ಕೇಳುತ್ತಿದ್ದ.

ಮೇಡಂ ಕೊಟ್ಟ ಎಳೆಯನ್ನು ನಂಬಿ ಅವನು ಒಮ್ಮೆ ಪೇಚಿಗೆ ಸಿಕ್ಕಿದ್ದುಂಟು. "ನಾಳೆ ಮಾರ್ಕೆಟ್ಟಿಗೆ ಹೋಗಿ, ಕೈ ಬೀಸ್ಕೊಂಡು ಬನ್ನಿ" ಅಂದಿದ್ದರು. ಹಲ್ಲಣ್ಣ ಅಂಗಡಿ ಮುಚ್ಚಿ ಮಾರ್ಕೆಟ್ಟಿಗೆ ಹೋದ. ತರಕಾರಿ ಸಾಲು, ಪಾತ್ರೆ ಸಾಲು, ಬಟ್ಟೆ ಸಾಲು ಎಲ್ಲಾ ಸುತ್ತಿ, ಯಾರಾದರೂ ಏನಾದರೂ ಹೇಳಿಯಾರೆಂದು ಕಾದು, ಕೈ ಬೀಸಿಕೊಂಡು ವಾಪಸು ಬಂದ. ಉತ್ತರ 'ಖಾಲಿ' ಎಂಬುದಾಗಿತ್ತು. ಅವನು ನಿಜವಾಗಿ ಹೋಗಿಬಂದದ್ದು ತಿಳಿದು ಗಾರ್ಡು ತಮ್ಮ ಸೆಟ್ಟು ಕಳಚಿ ಬೀಳುವಷ್ಟು ನಕ್ಕರು. ಅಂದಿನಿಂದ ಹಲ್ಲಣ್ಣ ತೀರ್ಮಾನಿಸಿದ್ದ: ಮೇಡಂ ಎಲ್ಲಿಗೆ ಹೋಗಿ ಅಂದರೂ ಹೋಗಬಾರದು, ಕೂತು ಯೋಚಿಸಬೇಕು.

ಅಂಥದರಲ್ಲಿ ಆ ಭಾನುವಾರ ಬಂತು. ಅಡ್ಡ ಹದಿನಾಲ್ಕರ ಸುಳಿವು ಯಾರನ್ನೂ ಹತ್ತಿರ ಬಿಟ್ಟುಕೊಂಡಿರಲಿಲ್ಲ. "ಗಡಿಯಾರ ಅರ್ಧಕ್ಕೇ ನಿಂತಿತು, ಊರು ಅಲ್ಲಿಗೆ ಮುಗಿಯಿತು, ಎರಡು ಅಕ್ಷರ." ಗಾರ್ಡು ಸೋತರು, ಮೇಷ್ಟ್ರು ಸೋತರು. ಮೇಡಂ ಆ ದಿನ ಅಷ್ಟಾಗಿ ಮಾತಾಡಲಿಲ್ಲ, ಚಹಾ ಅರ್ಧ ಬಿಟ್ಟರು. ಎಲ್ಲರೂ ಏಳುವಾಗ ಮೆಟ್ಟಿಲ ಹತ್ತಿರ ಅವರೊಬ್ಬರೇ ಸಿಕ್ಕರು.

"ಮೇಡಂ, ಆ ಅಡ್ಡ ಹದಿನಾಲ್ಕು ಬರ್ಲೇ ಇಲ್ಲ. ನೀವಾದ್ರೂ ಏನಾದ್ರೂ ಹೇಳಿ" ಅಂದ.

ಮೇಡಂ ಎರಡು ಮೆಟ್ಟಿಲು ಇಳಿದು ನಿಂತರು. ಕೊಡೆಯನ್ನು ಬಿಚ್ಚಿದರು, ಮುಚ್ಚಿದರು. "ಗುರುವಾರ ಸಂಜೆ ಮನೆಗೆ ಬನ್ನಿ" ಅಂದರು. ಇನ್ನೊಂದು ಮೆಟ್ಟಿಲು ಇಳಿದು, "ಬಾಗಿಲು ತೆಗೆದಿರುತ್ತೆ" ಅಂದರು. ಆಮೇಲೆ ತಿರುಗಿ ನೋಡದೆ ಇಳಿದು ಹೋದರು.

ಹಲ್ಲಣ್ಣ ಆ ಎರಡು ವಾಕ್ಯಗಳನ್ನು ಚೆಲ್ಲಿಹೋಗದಂತೆ ಮನಸ್ಸಿನಲ್ಲಿ ಹಿಡಿದುಕೊಂಡು ಮನೆಗೆ ಬಂದ. ಎಂಥಾ ಎಳೆ! ಗುರುವಾರ ಇದೆ, ಸಂಜೆ ಇದೆ, ಮನೆ ಇದೆ, ಬಾಗಿಲಿದೆ. ಇಷ್ಟು ಉದ್ದದ ಎಳೆಯನ್ನು ಮೇಡಂ ಯಾರಿಗೂ ಕೊಟ್ಟಿರಲಿಲ್ಲ. ತನಗಾಗಿ ಕೊಟ್ಟಿದ್ದಾರೆ. ಇದನ್ನು ಬಿಡಿಸಿ, ಮುಂದಿನ ಭಾನುವಾರ ಅವರೆದುರು ಏನೂ ಕೇಳದೆ ಸುಮ್ಮನೆ ಕೂರಬೇಕು. ಇನ್ನೊಂದೆಳೆ ಎಂಬ ಹೆಸರು ಅವರ ಮುಂದಾದರೂ ಅಳಿಯಬೇಕು. ಈ ಸಲ ಪ್ರಾಣ ಹೋದರೂ ಮೇಡಂ ಹತ್ತಿರ ಇನ್ನೊಂದೆಳೆ ಕೇಳುವುದಿಲ್ಲ ಎಂದು ಅವನು ಶಪಥ ಮಾಡಿದ.

ಸೋಮವಾರ ಏನೂ ಹೊಳೆಯಲಿಲ್ಲ. ಮಂಗಳವಾರ ಗಾರ್ಡು ಸೆಟ್ಟಿನ ಬಲಮೂಲೆ ಚುಚ್ಚುತ್ತದೆಂದು ಬಂದರು. ಅವರು ಹಲ್ಲು ತೆಗೆದು ಮೇಜಿನ ಮೇಲಿಟ್ಟರು, ಹಲ್ಲಣ್ಣ ಮೇಡಂ ಕೊಟ್ಟ ಎಳೆಯನ್ನು ಅವರ ಮುಂದಿಟ್ಟ. ಗಾರ್ಡು ಬೊಚ್ಚುಬಾಯಲ್ಲೇ ಗಂಭೀರವಾದರು.

"ಗುರುವಾರ ಅಂದ್ರೆ ವಾರದಲ್ಲಿ ಐದನೇ ದಿನ. ಸುಳಿವಿನಲ್ಲಿ ಐದನೇ ಅಕ್ಷರ ಹಿಡೀರಿ."

ಎಣಿಸಿದರು. ಐದನೆಯದು 'ಅ' ಬಂತು. 'ಅ'ದಿಂದ ಏನು ಮಾಡುವುದು?

"ಅತ್ತೆ?" ಅಂದ ಹಲ್ಲಣ್ಣ.

"ಊರು ಮುಗಿಯೋಕೂ ಅತ್ತೆಗೂ ಏನ್ರೀ ಸಂಬಂಧ?"

"ಕೆಲವರಿಗೆ ಇರಬಹುದು."

ಹಲ್ಲಣ್ಣ ಉಜ್ಜಿ ಕೊಟ್ಟ ಹಲ್ಲನ್ನು ಗಾರ್ಡು ಹಾಕಿಕೊಂಡು, ಅಗಿದು ನೋಡಿ, ಇದು ಒಬ್ಬರ ತಲೆಗೆ ಆಗುವ ಕೆಲಸವಲ್ಲ, ಗುರುವಾರ ಸಂಜೆ ಮೇಷ್ಟ್ರ ಹತ್ತಿರ ಕೂರೋಣ ಅಂದರು. ಅದು ಮೇಡಂ ಹೇಳಿದ ಗುರುವಾರ ಸಂಜೆಯೇ ಎಂದು ಇಬ್ಬರಿಗೂ ಹೊಳೆಯಲಿಲ್ಲ ಎಂದರೆ ನೀವು ನಂಬಲಾರಿರಿ. ಎಳೆಯಲ್ಲಿರುವ ಗುರುವಾರ ಬೇರೆ, ಕ್ಯಾಲೆಂಡರಿನ ಗುರುವಾರ ಬೇರೆ ಎಂದು ಆ ಕೂಟದವರ ತಲೆಯಲ್ಲಿ ಅಷ್ಟು ಗಟ್ಟಿಯಾಗಿ ಕೂತಿತ್ತು.

ಬುಧವಾರ ಊಟಕ್ಕೆ ಕೂತಾಗ ಹಲ್ಲಣ್ಣ ತುತ್ತು ಕೈಯಲ್ಲಿ ಹಿಡಿದುಕೊಂಡು ಸೂರು ನೋಡುತ್ತಿದ್ದ. ಅಕ್ಕ ಸಾಕಷ್ಟು ಹೊತ್ತು ತಡೆದುಕೊಂಡಳು.

"ಏನೋ ಅದು, ಯಾರಾದ್ರೂ ಸತ್ರಾ?"

"ಇಲ್ಲ ಕಣಕ್ಕಾ. ಒಬ್ರು ಗುರುವಾರ ಸಂಜೆ ಮನೆಗೆ ಬನ್ನಿ, ಬಾಗಿಲು ತೆಗೆದಿರುತ್ತೆ ಅಂದಿದಾರೆ. ಹಾಗಂದ್ರೆ ಏನು?"

"ಯಾರು, ಆ ಟೆಲಿಫೋನ್ ಮೇಡಮ್ಮಾ?"

"ಹೂಂ."

ಅಕ್ಕ ಸಾರಿನ ಸೌಟನ್ನು ಪಾತ್ರೆಯಲ್ಲೇ ಬಿಟ್ಟಳು. "ಹಾಗಂದ್ರೆ ಗುರುವಾರ ಸಂಜೆ ಅವರ ಮನೆಗೆ ಹೋಗು ಅಂತ. ಇಸ್ತ್ರಿ ಮಾಡಿದ ಅಂಗಿ ಹಾಕ್ಕೊಂಡು ಹೋಗು. ಕೆಲಸವಿಲ್ಲದ ಬಡಗಿ ಮಗನ ಕುಂಡಿ ಕೆತ್ತಿದನಂತೆ, ಹಾಗಾಯ್ತು ನಿಮ್ಮದು."

ಹಲ್ಲಣ್ಣ ಕನಿಕರದಿಂದ ನಕ್ಕ. ಪಾಪ, ಅಕ್ಕನಿಗೆ ಪದಬಂಧ ಬರುವುದಿಲ್ಲ. ಅವಳಿಗೆ ಬಾ ಅಂದರೆ ಬಾ, ಹೋಗು ಅಂದರೆ ಹೋಗು. ಮಾರ್ಕೆಟ್ಟಿಗೆ ಹೋಗಿ ಬಂದ ಕಥೆಯನ್ನು ಅವಳಿಗೆ ಇವನು ಹೇಳಿರಲಿಲ್ಲ. ಆದರೂ ಆ ರಾತ್ರಿ ಮಲಗಿದಾಗ ಅನುಮಾನ ಬಂತು. ಅಕ್ಕ ಹೇಳಿದ್ದು ನಿಜವಾಗಿದ್ದರೆ? ಫೋನು ಮಾಡಿ ಕೇಳಿಬಿಡಲೇ? ಕೇಳಿದರೆ ಅದು ಇನ್ನೊಂದೆಳೆ ಕೇಳಿದಂತೆಯೇ ಆಯಿತು. ನಿಜವಾಗಿ ಹೋಗಿ, ಅವರು "ಅಯ್ಯೋ, ಎಳೆ ಕೊಟ್ರೆ ಮನೆಗೇ ಬಂದ್ರಾ" ಎಂದು ನಕ್ಕರೆ? ಗಾರ್ಡು ನಕ್ಕರೆ ಸಹಿಸಬಹುದು. ಮೇಡಂ ನಕ್ಕರೆ ಆಗುವುದಿಲ್ಲ ಅನ್ನಿಸಿತು ಅವನಿಗೆ.

ಗುರುವಾರ ಸಂಜೆ ಮೂವರೂ ಟೈಪಿಂಗ್ ಶಾಲೆಯ ದೀಪದ ಕೆಳಗೆ ತಲೆಗೆ ತಲೆ ತಾಗಿಸಿ ಕೂತರು. ಮೇಷ್ಟ್ರು ಸೀಸದಕಡ್ಡಿ ಚೂಪು ಮಾಡಿಕೊಂಡು ಬಂದಿದ್ದರು.

"ಗುರುವಾರದಲ್ಲಿ ವಾರ ತೆಗೆದುಹಾಕಿ. ಏನುಳೀತು? ಗುರು. ಎರಡಕ್ಷರ!" ಅಂದರು ಮೇಷ್ಟ್ರು.

"ಗುರು ಬಂದ್ರೆ ಊರು ಯಾಕೆ ಮುಗಿಯುತ್ತೆ?" ಅಂದರು ಗಾರ್ಡು.

"ನಿಮ್ಮ ಶಾಲೆ ಮೇಷ್ಟ್ರನ್ನ ನೀವು ನೋಡಿಲ್ವಾ?" ಅಂದರು ಮೇಷ್ಟ್ರು.

ಅದು ನಿಲ್ಲಲಿಲ್ಲ. ಸಂಜೆಯನ್ನು ಹಿಡಿದು ಎಳೆದರು, ಬಾಗಿಲನ್ನು ಹಿಡಿದು ಎಳೆದರು. ಕೊನೆಗೆ ಗಾರ್ಡು ಮೇಜು ಗುದ್ದಿದರು. "ಸಂಜೆ ಹೊತ್ತು ಮನೆಗೆ ಬರೋದ್ಯಾರು? ಹಕ್ಕಿ! ಹಕ್ಕಿ ಮನೆ ಯಾವುದು?"

"ಗೂಡು" ಅಂದ ಹಲ್ಲಣ್ಣ.

"ಬಾಗಿಲು ಯಾಕೆ ತೆಗೆದಿರುತ್ತೆ? ಗೂಡಿಗೆ ಬಾಗಿಲೇ ಇರಲ್ಲ!"

"ಗಡಿಯಾರ?" ಅಂದರು ಮೇಷ್ಟ್ರು.

"ಕೆಲವು ಗೋಡೆ ಗಡಿಯಾರದಲ್ಲಿ ಹಕ್ಕಿ ಹೊರಗೆ ಬಂದು ಕೂಗಲ್ವಾ? ಅದು ಅರ್ಧಕ್ಕೇ ನಿಂತ್ರೆ ಹಕ್ಕಿ ಗೂಡಲ್ಲೇ ಉಳೀತು."

"ಊರು ಮುಗಿಯೋದು?"

"ಊರು ಮುಗಿದ ಮೇಲೆ ಮರ. ಮರದ ಮೇಲೆ ಗೂಡು!"

ಮೂವರೂ ಕುರ್ಚಿಗೆ ಒರಗಿದರು. ಇಂಥ ಚೆಲುವಾದ ಬಿಡಿಸುವಿಕೆ ಆ ಕೂಟದ ಇತಿಹಾಸದಲ್ಲೇ ಆಗಿರಲಿಲ್ಲ. ಒಂದೇ ಒಂದು ತೊಡಕಿತ್ತು. ಅದೇ ಚೌಕದಿಂದ ಕೆಳಗಿಳಿಯುವ ಪದ 'ಗರಗಸ'. "ಇದರ ಹಲ್ಲು ಬಾಯಲ್ಲಿಲ್ಲ, ಬಡಗಿಯ ಕೈಯಲ್ಲಿ" ಎಂಬ ಸುಳಿವಿಗೆ ಹಲ್ಲಣ್ಣ ಯಾವ ಎಳೆಯೂ ಇಲ್ಲದೆ, ಅವನ ಜನ್ಮದಲ್ಲೇ ಮೊದಲ ಸಲ, ಸ್ವಂತ ತಲೆಯಿಂದ ಬಿಡಿಸಿದ ಪದ ಅದು. ಈಗ ಗೂಡು ಬರೆದರೆ ಗರಗಸ ಹೋಗಿ 'ಗೂರಗಸ'ವಾಗುತ್ತಿತ್ತು. ಅಂಥ ಆಯುಧ ಪ್ರಪಂಚದ ಯಾವ ಬಡಗಿಯ ಹತ್ತಿರವೂ ಇಲ್ಲ.

"ಗರಗಸ ತಪ್ಪಿರಬೇಕು" ಅಂದರು ಗಾರ್ಡು, ಅವನ ಮುಖ ನೋಡದೆ.

ಹಲ್ಲಣ್ಣ ಒಂದು ಕ್ಷಣ ರಬ್ಬರು ಹಿಡಿದು ಕೂತ. ಇಷ್ಟು ತಿಳಿದವರು ಹೇಳುತ್ತಿದ್ದಾರೆ, ತನ್ನ ತಲೆಗೆ ಬಂದದ್ದು ಎಷ್ಟರದು ಎಂದುಕೊಂಡು ಗರಗಸವನ್ನು ಅಳಿಸಿದ.

ಶನಿವಾರ ಪೇಪರಿನಲ್ಲಿ ಉತ್ತರಗಳು ಬಂದವು. ಉದ್ದ ಹದಿನಾಲ್ಕು: ಗರಗಸ. ಅಡ್ಡ ಹದಿನಾಲ್ಕು: ಗಡಿ. ಹಲ್ಲಣ್ಣ ನೋಡಿದ, ಕನ್ನಡಕ ಒರೆಸಿ ಮತ್ತೆ ನೋಡಿದ. ಗಡಿಯಾರದ ಮೊದಲರ್ಧ ಗಡಿ. ಊರು ಮುಗಿಯುವುದೂ ಗಡಿಯಲ್ಲಿ. ಅಷ್ಟೇ. ಕಣ್ಣೆದುರಿಗೇ ಇತ್ತು, ಬೆರಳಿಟ್ಟರೆ ಸಿಗುತ್ತಿತ್ತು. ಗರಗಸ ಸರಿಯಾಗಿತ್ತೆಂಬ ಸಂತೋಷವೂ ಅವನಿಗಾಗಲಿಲ್ಲ. ಯಾಕೆಂದರೆ ಗಡಿಗೂ ಗುರುವಾರಕ್ಕೂ ಏನು ಸಂಬಂಧ ಎಂಬುದು ತಿಳಿಯಲಿಲ್ಲ. ಆ ದಿನವೆಲ್ಲ ಅವನು ಗುರುವಾರ ಸಂಜೆಯನ್ನು ಗಡಿಯ ಹತ್ತಿರ ತಳ್ಳಿಕೊಂಡು ಹೋಗಲು ಹೆಣಗಿದ. ಸಂಜೆ ಎಂದರೆ ಹಗಲಿನ ಗಡಿ? ಬಾಗಿಲೆಂದರೆ ಮನೆಯ ಗಡಿ? ಹೌದು ಅನ್ನಿಸುತ್ತಿತ್ತು, ಮರುಕ್ಷಣ ಅಲ್ಲ ಅನ್ನಿಸುತ್ತಿತ್ತು. ಗೊಂದಲದಲ್ಲಿ ಒಬ್ಬರ ಮೇಲಿನ ಹಲ್ಲಿಗೆ ಇನ್ನೊಬ್ಬರ ಒಸಡು ಕೂರಿಸಿ, ಪೂರಾ ಬಿಚ್ಚಿ ಮತ್ತೆ ಮಾಡಬೇಕಾಯಿತು.

ಭಾನುವಾರ ಮೇಡಂ ತಡವಾಗಿ ಬಂದರು. ಅವರು ಕೂರುವ ಮೊದಲೇ ಹಲ್ಲಣ್ಣ ಎದ್ದು ನಿಂತ. ಶಪಥ ಮುರಿಯಿತು.

"ಮೇಡಂ, ಉತ್ತರ ಹೇಗೂ ಪೇಪರಲ್ಲಿ ಬಂದಾಯ್ತು, ಅದಕ್ಕೆ ಕೇಳ್ತಿದೀನಿ. ನಿಮ್ಮ ಎಳೆಯಿಂದ ಗಡಿ ಹೇಗೆ ಬರುತ್ತೆ?"

"ಯಾವ ಎಳೆ?"

"ಅದೇ, ಗುರುವಾರ ಸಂಜೆ ಮನೆಗೆ ಬನ್ನಿ, ಬಾಗಿಲು ತೆಗೆದಿರುತ್ತೆ ಅಂದ್ರಲ್ಲ. ನಾವು ಮೂರು ಜನ ಕೂತು ಬಿಡಿಸಿದ್ವಿ. ಗೂಡು ಅಂತ ಬಂತು."

ಮೇಡಂ ಕತ್ತು ಓರೆ ಮಾಡಲಿಲ್ಲ. ನೇರವಾಗಿ ಅವನನ್ನೇ ನೋಡಿದರು. "ಮೂರು ಜನ? ಯಾವಾಗ ಕೂತ್ರಿ?"

"ಗುರುವಾರ ಸಂಜೆ" ಅಂದ. ಹೇಳಿದ ಮೇಲೆ ಆ ಮಾತು ಅವನ ಕಿವಿಗೇ ಬಿತ್ತು.

ಗಾರ್ಡು ತಮ್ಮ ಚಹಾದ ಲೋಟದೊಳಗೆ ನೋಡುತ್ತ ಕೂತರು.

"ಅದು ಎಳೆ ಅಲ್ಲ" ಅಂದರು ಮೇಡಂ. "ನಾನು ನಿಮ್ಮನ್ನ ಮನೆಗೆ ಕರೆದಿದ್ದೆ. ತಂಗಿ ತನ್ನೂರಿಗೇ ಬಂದು ಇರು ಅಂತ ಎರಡು ವರ್ಷದಿಂದ ಕರೀತಿದಾಳೆ. ಶುಕ್ರವಾರ ಅವಳಿಗೆ ಒಂದು ಮಾತು ಹೇಳಬೇಕಿತ್ತು. ಹೇಳೋಕೆ ಮುಂಚೆ ನಿಮ್ಮನ್ನ ಒಂದ್ಸಲ ಕೇಳೋಣ ಅಂತಿದ್ದೆ." ಅವರ ದನಿ ಏರಲಿಲ್ಲ. ಇಡೀ ಜೀವನ ಇನ್ನೊಬ್ಬರ ಮಾತನ್ನು ಇನ್ನೊಬ್ಬರಿಗೆ ಜೋಡಿಸಿಕೊಟ್ಟವರ ದನಿ ಅದು, ತಮ್ಮ ಮಾತಿಗೂ ನಡುಗಲಿಲ್ಲ. "ಎರಡು ಸಲ ಚಹಾಕ್ಕೆ ನೀರಿಟ್ಟೆ. ಅರ್ಥ ಆಗದಿದ್ರೆ ನೀವು ಇನ್ನೊಂದೆಳೆ ಕೇಳ್ತಿದ್ರಿ. ನೀವು ಕೇಳದೆ ಬಿಟ್ಟಿದ್ದೇ ಇಲ್ಲ. ಈ ಸಲ ಕೇಳಲಿಲ್ಲ. ಅಂದ್ರೆ ಅರ್ಥ ಆಗಿದೆ, ಬರೋ ಮನಸ್ಸಿಲ್ಲ ಅಂದ್ಕೊಂಡೆ. ಶುಕ್ರವಾರ ತಂಗಿಗೆ ಹೂಂ ಅಂದುಬಿಟ್ಟೆ. ಈ ವಾರ ಕಳೆದ್ರೆ ಹೊರಡ್ತೀನಿ. ಅದನ್ನ ಹೇಳಿ ಹೋಗೋಣ ಅಂತ ಬಂದೆ."

ಕೊಡೆ ಎತ್ತಿಕೊಂಡು ಅವರು ಹೊರಟುಹೋದರು. ಮೆಟ್ಟಿಲ ಮೇಲೆ ಅವರ ಚಪ್ಪಲಿಯ ಸದ್ದು ಕೊನೆಯವರೆಗೂ ಕೇಳಿಸಿತು.

ಹಲ್ಲಣ್ಣ ನಿಂತಲ್ಲೇ ನಿಂತಿದ್ದ. ಇದು ಎಲ್ಲಿ ಕೆಟ್ಟಿತು, ಯಾವ ಮಾತಿನಲ್ಲಿ ಕೆಟ್ಟಿತು? ಅಂದು 'ತಿಳಿಸ್ತೀವಿ' ಎಂಬುದನ್ನು ನೇರವಾಗಿ ನಂಬಿ ಕೆಟ್ಟ. ಇಂದು 'ಮನೆಗೆ ಬನ್ನಿ' ಎಂಬುದನ್ನು ನೇರವಾಗಿ ನಂಬದೆ ಕೆಟ್ಟ. ಹಾಗಾದರೆ ಯಾವ ಮಾತನ್ನು ಹೇಗೆ ನಂಬುವುದು? ತಲೆಯೊಳಗೆ ಪ್ಲಾಸ್ಟರ್ ಸುರಿದು ಗಟ್ಟಿಯಾದಂತೆ ಆಗಿತ್ತು. ಅವನು ಅಭ್ಯಾಸದಂತೆ ಆ ಇಬ್ಬರ ಕಡೆ ತಿರುಗಿದ.

"ಈಗ ನಾನೇನ್ ಮಾಡ್ಲಿ?"

ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. "ಒಂದೆರಡು ದಿನ ಬಿಟ್ಟು ನಿಧಾನಕ್ಕೆ..."

"ಬಿಡಬಾರದು" ಅಂದರು ಗಾರ್ಡು. "ಮೊದಲು ತಂಗಿ ಏನಂತಾಳೆ ತಿಳ್ಕೋಬೇಕು. ಈಗ ನೋಡಿ, ಅವರು 'ಹೊರಡ್ತೀನಿ' ಅಂದ್ರು, 'ಹೋಗ್ತೀನಿ' ಅನ್ನಲಿಲ್ಲ. ಅದರಲ್ಲೊಂದು..."

ಗಾರ್ಡರ ಬೆರಳು ಆಗಲೇ ಗಾಳಿಯಲ್ಲಿ ಅಕ್ಷರ ಎಣಿಸುತ್ತಿತ್ತು. ಹಲ್ಲಣ್ಣ ಆ ಬೆರಳನ್ನು ನೋಡಿದ. ಮಾತು ಪೂರ್ತಿ ಕೇಳಿಸಿಕೊಳ್ಳದೆ ಬಾಗಿಲ ಕಡೆ ನಡೆದ. ಅವನು ಒಬ್ಬರ ಮಾತನ್ನು ಅರ್ಧಕ್ಕೆ ಬಿಟ್ಟು ಎದ್ದದ್ದು ಅದೇ ಮೊದಲು. ಹಿಂದಿನಿಂದ ಮೇಷ್ಟ್ರು "ಚಹಾ..." ಅಂದರು.

ಮೇಡಂ ಮನೆ ಎರಡು ಬ್ಯಾಂಕುಗಳ ನಡುವಿನ ಓಣಿಯಲ್ಲಿ, ಹೊರಗಿನ ಮೆಟ್ಟಿಲ ಮಹಡಿಯಲ್ಲಿತ್ತು. ದಾರಿಯುದ್ದಕ್ಕೂ ಅವನಿಗೆ ಏನು ಹೇಳಬೇಕೆಂದು ಹೊಳೆಯಲಿಲ್ಲ. ಒಂದು ವಾಕ್ಯ ಕಟ್ಟುತ್ತಿದ್ದ, ಅದಕ್ಕೆ ಬೇರೆ ಅರ್ಥ ಬಂದೀತೆಂದು ಬಿಡುತ್ತಿದ್ದ. ಇಸ್ತ್ರಿಯಿಲ್ಲದ ಅಂಗಿಯ ತೋಳಿನಲ್ಲಿ ಶನಿವಾರದ ಮೇಣದ ಕಲೆ ಇತ್ತು. ಮೆಟ್ಟಿಲು ಹತ್ತಿದಾಗ ಬಾಗಿಲು ಮುಚ್ಚಿತ್ತು. ತಟ್ಟಿದ.

ಮೇಡಂ ಬಾಗಿಲು ತೆಗೆದರು. ಅವರ ಹಿಂದೆ ಕೋಣೆಯಲ್ಲಿ ಹಗ್ಗ ಬಿಗಿದ ರಟ್ಟಿನ ಪೆಟ್ಟಿಗೆಗಳಿದ್ದವು.

"ಹೇಳಿ" ಅಂದರು, ಹೊಸಿಲಲ್ಲೇ ನಿಂತು.

"ಹೋಗ್ಬೇಡಿ" ಅಂದ ಹಲ್ಲಣ್ಣ. ಆಮೇಲೆ, "ಹೋಗ್ಬೇಡಿ ಅಂದ್ರೆ ಹೋಗ್ಬೇಡಿ ಅಂತ. ಇದರಲ್ಲಿ ಬೇರೆ ಏನೂ ಇಲ್ಲ" ಅಂದ.

ಮೇಡಂ ಅವನ ಭುಜದ ಆಚೆ ಖಾಲಿ ಮೆಟ್ಟಿಲನ್ನು ನೋಡಿದರು. "ಯಾರು ಹೇಳಿಕೊಟ್ಟು ಕಳಿಸಿದ್ರು? ಗಾರ್ಡಾ, ಮೇಷ್ಟ್ರಾ?"

"ಯಾರೂ ಇಲ್ಲ. ಅವರು ಹೇಳೋಕೆ ಶುರು ಮಾಡಿದ್ರು, ಅಷ್ಟರಲ್ಲಿ ನಾನು ಎದ್ದು ಬಂದೆ."

ಮೇಡಂ ಮುಖದಲ್ಲಿ ನಗು ಬಂತೋ ಇನ್ನೇನಾದರೂ ಬಂತೋ ಹಲ್ಲಣ್ಣನಿಗೆ ತಿಳಿಯಲಿಲ್ಲ. ಅವರು ಬಾಗಿಲಿನಿಂದ ಪಕ್ಕಕ್ಕೆ ಸರಿದರು. ಅದು ಒಳಗೆ ಬಾ ಅಂತಲೇ ಇರಬೇಕೆಂದು, ಈ ಸಲ ಯೋಚಿಸದೆ, ಅವನು ಒಳಗೆ ಹೋದ. ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿದ್ದರು. ಎಲ್ಲಿ ನಿಲ್ಲುವುದೆಂದು ತಿಳಿಯದೆ ಕೋಣೆಯ ನಡುವೆ ನಿಂತ.

"ತಂಗಿಗೆ ಮಾತು ಕೊಟ್ಟಾಯ್ತಲ್ಲ" ಅಂದರು ಮೇಡಂ. "ಅವಳಿಗೀಗ ಏನಂತ ಹೇಳೋದು?"

"ಗೊತ್ತಿಲ್ಲ" ಅಂದ.

"ನನಗೂ ಗೊತ್ತಿಲ್ಲ" ಅಂದರು ಮೇಡಂ. ಆಮೇಲೆ ನೆಲದ ಮೇಲೆ ಕೂತು, ಚಹಾದ ಪಾತ್ರೆ ಯಾವ ಪೆಟ್ಟಿಗೆಯಲ್ಲಿದೆಯೋ ಎಂದು ಗೊಣಗುತ್ತ, ಮೊದಲ ಪೆಟ್ಟಿಗೆಯ ಹಗ್ಗ ಬಿಚ್ಚತೊಡಗಿದರು.